ಕೌದಿಗೊಂದು ಹೊಲಿಗೆ ಯಂತ್ರ

ಕೌದಿ ಹೊಲಿಯಲು ಯಂತ್ರ ಕೊಳ್ಳಹೊರಟವರು ಅದರ ಬಣ್ಣಕ್ಕೂ ನೂರೆಂಟು ನಮೂನೆಯ ಹೊಲಿಗೆಗಳಿಗೂ ಮರುಳಾಗುವುದು ಲೋಕರೂಢಿಯಾದರೂ, ಕೌದಿ ಬೇಡುವುದು ಬಹುಮಟ್ಟಿಗೆ ನೇರ ಹೊಲಿಗೆಯೊಂದನ್ನೇ ಆದ್ದರಿಂದ, ಮೊದಲು ಅಳೆಯಬೇಕಾದದ್ದು ಯಂತ್ರದ ಕಂಕುಳನ್ನು, ಅಂದರೆ ಸೂಜಿಗೂ ಬಲಗಡೆಯ ಕಂಬಕ್ಕೂ ನಡುವಿನ ತೆರವನ್ನು. ಮನೆಬಳಕೆಯ ಸಾಮಾನ್ಯ ಯಂತ್ರಗಳಲ್ಲಿ ಇದು ಸುಮಾರು 6ರಿಂದ 7 ಅಂಗುಲವಷ್ಟೇ ಇರುವುದರಿಂದ, ಜೋಡಿಮಂಚದ ಕೌದಿಯನ್ನು ಸುರುಳಿ ಸುತ್ತಿ ಅದರೊಳಗೆ ತೂರಿಸುವವರು ಹೊಲಿಯುತ್ತಿದ್ದಾರೋ ಕುಸ್ತಿಗಿಳಿದಿದ್ದಾರೋ ಎಂಬುದು ನೋಡುವವರಿಗೆ ತಿಳಿಯದು. ಸೂಜಿಯ ಕೆಳಗಿನ ಹಲ್ಲುಗಳು ತಳದ ಬಟ್ಟೆಯನ್ನು ಎಳೆದೊಯ್ಯುವಾಗ ಮೇಲಿನ ಪದರ ಹಿಂದುಳಿದು ನೆರಿಗೆಗಟ್ಟುವುದರಿಂದ, ಅದನ್ನೂ ಜೊತೆಯಲ್ಲೇ ಸಾಗಿಸುವ ವಾಕಿಂಗ್ ಫುಟ್ ಎಂಬ ಬಿಡಿಭಾಗವು ಹೂಬಳ್ಳಿ ಮೂಡಿಸುವ ಗುಂಡಿಗಳಿಗಿಂತ ಹೆಚ್ಚು ಉಪಕಾರಿ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರಾದರೋ ಹಳೆಯ ಸೀರೆಯ ಮೇಲೆ ತುಂಡುಬಟ್ಟೆ ಜೋಡಿಸುತ್ತ, ಅಂಚಿನಿಂದ ನಡುವಿಗೆ ಸಾಗಿ, ಕವಂದಿ ಎಂಬ ತಮ್ಮ ಕೌದಿಯನ್ನು ಕೈಯಲ್ಲೇ ಹೊಲಿದು ಮುಗಿಸುತ್ತಾರೆ. ಆ ಕೈಗಳಿಗೆ ವಾರಂಟಿ ಕಾರ್ಡನ್ನು ಯಾರೂ ಕೇಳಿದಂತಿಲ್ಲ.