ರಾಯರಿಗೆ ಇವತ್ತೂ ಫ್ರೀ ಆಗಿಲ್ಲ

ಬೆಳಿಗ್ಗೆ ಪಾರ್ಕಿನಲ್ಲಿ ರಾಯರು ಎದುರಾದರೆ ‘ಹೇಗಿದ್ದೀರಿ?’ ಎಂದು ಮಾತ್ರ ಕೇಳಬೇಡಿ. ‘ಎಲ್ಲಾ ಸರಿ, ಫ್ರೀ ಆಗಿಲ್ಲ ಕಣ್ರೀ’ ಎಂದು ಶುರು ಮಾಡಿದರೆ ಎರಡು ಸುತ್ತು ಮುಗಿದರೂ ವರದಿ ಮುಗಿಯುವುದಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ವರ್ಷಗಟ್ಟಲೆ ಕಡತ ಬಾಕಿ ಇಟ್ಟುಕೊಂಡೂ ನೆಮ್ಮದಿಯಾಗಿ ನಿದ್ದೆ ಮಾಡಿದ ಮನುಷ್ಯ, ನಿವೃತ್ತಿಯಾದ ಮೇಲೆ ಒಂದು ದಿನದ ಬಾಕಿಯನ್ನೂ ಸಹಿಸುವುದಿಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ ಎನ್ನುತ್ತಾರೆ ವೈದ್ಯರು. ಆ ರಿಯಾಯಿತಿಯೆಲ್ಲ ಬೇರೆಯವರಿಗೆ. ರಾಯರಿಗೆ ಆರು ಗಂಟೆ ಎಂದರೆ ಆರು ಗಂಟೆ.

ದೇವರಮನೆಯ ಪಕ್ಕದ ಗೂಡಿನಲ್ಲಿ ಇಸಬ್‌ಗೋಲ್, ತ್ರಿಫಲಾ ಚೂರ್ಣ, ಸೋನಾಮುಖಿ ಮಾತ್ರೆ, ಹರಳೆಣ್ಣೆ, ಬಿಸಾಕೋಡಿಲ್ ಎಂಬ ಹಳದಿ ಗುಳಿಗೆ, ಎಲ್ಲವೂ ಸಾಲಾಗಿ ನಿಂತಿವೆ. ಒಂದಕ್ಕೂ ತನ್ನ ಕೆಲಸ ಮುಗಿಸಲು ರಾಯರು ಪುರಸೊತ್ತು ಕೊಟ್ಟವರಲ್ಲ. ಇಸಬ್‌ಗೋಲ್ ಕೆಲಸ ಮಾಡಲು 12ರಿಂದ 72 ಗಂಟೆ ಬೇಕು. ತಂಗಿಯ ಮಗಳ ಮದುವೆ ಸೋಮವಾರ. ಶನಿವಾರ ರಾತ್ರಿ ಅದನ್ನು ನುಂಗಿದರು. ಭಾನುವಾರ ಫಲ ಕಾಣಲಿಲ್ಲವೆಂದು ರಾತ್ರಿ ಹಳದಿ ಗುಳಿಗೆ. ಸೋಮವಾರ ನಸುಕಿನಲ್ಲಿ ‘ಯಾವುದಕ್ಕೂ ಇರಲಿ’ ಎಂದು ಹರಳೆಣ್ಣೆ. ಮೂರೂ ಒಟ್ಟಿಗೆ ಕೆಲಸಕ್ಕೆ ಹಾಜರಾದವು. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಛತ್ರದಲ್ಲಿ ಎಲ್ಲಿದ್ದರೆಂದು ಎಲ್ಲರಿಗೂ ಗೊತ್ತಿತ್ತು, ಕರೆಯಲು ಯಾರೂ ಹೋಗಲಿಲ್ಲ. ಗಟ್ಟಿಮೇಳ ಅವರಿಗೆ ಬಾಗಿಲಾಚೆಯಿಂದ ಕೇಳಿಸಿತು.

ಮಾರನೆಯ ದಿನ ನಿತ್ರಾಣರಾಗಿ ಮೆಡಿಕಲ್ ಸ್ಟೋರಿಗೆ ಹೋದರು. ನಾನೂ ಪಕ್ಕದಲ್ಲೇ ನಿಂತಿದ್ದೆ. ಕೌಂಟರಿನ ಹುಡುಗಿ ಓ.ಆರ್.ಎಸ್. ಪ್ಯಾಕೆಟ್ ಕೊಡುತ್ತಾ ವಿಚಾರಣೆಗೆ ಇಳಿದಳು.

‘ಅಂಕಲ್, ಇಸಬ್‌ಗೋಲ್ ಎಷ್ಟು ನೀರಲ್ಲಿ ತಗೋತೀರಿ?’

‘ಗಂಟಲು ಇಳಿಯೋಷ್ಟು ಕಣಮ್ಮ. ಜಾಸ್ತಿ ಕುಡಿದ್ರೆ ರಾತ್ರಿಯೆಲ್ಲಾ ಎದ್ದೆದ್ದು ಹೋಗ್ಬೇಕಲ್ಲ.’

‘ಅಯ್ಯೋ, ಅದು ನೀರು ಹೀರಿ ಉಬ್ಬೋ ವಸ್ತು. ದೊಡ್ಡ ಲೋಟದ ತುಂಬಾ ನೀರು ಕುಡೀದೇ ಇದ್ರೆ ಗಂಟಲಲ್ಲೋ ಕರುಳಲ್ಲೋ ಕಟ್ಕೊಂಡು ಕೂರತ್ತೆ. ತಗೊಂಡ ತಕ್ಷಣ ಮಲಗಲೂಬಾರದು. ಹಳದಿ ಮಾತ್ರೆ?’

‘ಬಿಸಿ ಹಾಲಿನ ಜೊತೆ!’ ರಾಯರ ದನಿಯಲ್ಲಿ ಹೆಮ್ಮೆ ಇತ್ತು.

‘ಹಾಲು ಬೇಡ ಅಂಕಲ್. ಅದರ ಮೇಲಿನ ಲೇಪ ಕರುಳಿಗೆ ಹೋದ ಮೇಲೆ ಕರಗಬೇಕು. ಹಾಲೋ ಆಸಿಡಿಟಿ ಮಾತ್ರೆಯೋ ಜೊತೆಗೆ ಸೇರಿದ್ರೆ ಜಠರದಲ್ಲೇ ಕರಗಿ ಹೊಟ್ಟೆ ನುಲಿಯತ್ತೆ. ಒಂದು ಗಂಟೆಯಾದ್ರೂ ಬಿಡಿ, ಅಗಿಯಬೇಡಿ. ಡಾಕ್ಟರನ್ನ ಕೇಳದೆ ಒಂದು ವಾರದ ಮೇಲೆ ತಗೋಬೇಡಿ.’

‘ನಾನು ಎಂಟು ವರ್ಷದಿಂದ ತಗೋತಿದ್ದೀನಮ್ಮ’ ಎಂದರು ರಾಯರು, ಸರ್ವಿಸ್ ಸೀನಿಯಾರಿಟಿ ಹೇಳುವ ಗತ್ತಿನಲ್ಲಿ.

ಹುಡುಗಿ ಬಗ್ಗಲಿಲ್ಲ. ಹೆಂಡತಿಯೂ ದಬಾಯಿಸಿದ ಮೇಲೆ ರಾಯರು ಡಾಕ್ಟರಲ್ಲಿಗೆ ಹೋದರು. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಹೀಗೆ ಪದೇಪದೇ ಭೇದಿ ಮಾಡಿಕೊಂಡರೆ ಮೈಯ ಪೊಟ್ಯಾಸಿಯಂ ಇಳಿದು ಎದೆಬಡಿತವೇ ತಪ್ಪಬಹುದೆಂದು ಅವರು ಗದರಿದರಂತೆ. ಮಂಡಿನೋವಿಗೆಂದು ತಾವೇ ಕೊಂಡು ನುಂಗುತ್ತಿದ್ದ ಕ್ಯಾಲ್ಸಿಯಂ ಮಾತ್ರೆಯ ಸಂಗತಿ ಆಮೇಲೆ ಹೊರಬಿತ್ತು. ಹೊಟ್ಟೆ ಕಟ್ಟುವ ಮಾತ್ರೆಯೊಂದು, ಅದನ್ನು ಬಿಡಿಸುವ ಮಾತ್ರೆ ಮೂರು! ಕ್ಯಾಲ್ಸಿಯಂ ನಿಂತಿತು, ನೀರು, ಸೊಪ್ಪು, ಪಪ್ಪಾಯಿ ಶುರುವಾದವು. ‘ಫೀಸು ತಗೊಂಡು ನೀರು ಕುಡೀರಿ ಅಂತಾರಲ್ರೀ, ಇದಕ್ಕೆ ಎಂ.ಡಿ. ಬೇರೆ ಓದಬೇಕಾ?’ ಎಂಬುದು ಈ ವಾರದ ವರದಿ.

ರಾಯರ ಶಿಷ್ಯವರ್ಗ ನಮ್ಮ ಬಡಾವಣೆಯಲ್ಲಿ ಸಣ್ಣದಲ್ಲ. ಅವರಲ್ಲಿ ಒಂದು ವಿನಂತಿ: ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಹೊಟ್ಟೆನೋವಿನ ಜೊತೆ ವಾಂತಿಯಾದರೆ, ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಅಭ್ಯಾಸ ಬದಲಾದರೆ, ರಾಯರ ಗೂಡಿಗೆ ಕೈ ಹಾಕಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ.