ರಾಯರ ಮಾತ್ರೆ ಚೀಲ

ಮಗಳು ಲಾಸ್ ಏಂಜಲೀಸಿನಲ್ಲಿ, ಮಗ ಸ್ಯಾನ್ ಡಿಯೇಗೊದಲ್ಲಿ. ಆರು ತಿಂಗಳಿಗೆಂದು ಬರುವ ರಾಯರಿಗೆ ಎರಡು ಮನೆಗಳ ನಡುವೆ ಆಗಾಗ ವರ್ಗ. ನಿವೃತ್ತ ಬ್ಯಾಂಕ್ ಕ್ಯಾಷಿಯರು, ವರ್ಗಕ್ಕೆ ಹೆದರುವವರಲ್ಲ. ಬಟ್ಟೆಬರೆ ಕಾರಿನ ಡಿಕ್ಕಿಗೆ ಹೋದರೂ ಒಂದು ಚೀಲ ಮಾತ್ರ ಐ-5 ಹೆದ್ದಾರಿಯುದ್ದಕ್ಕೂ ತೊಡೆ ಬಿಟ್ಟಿಳಿಯುವುದಿಲ್ಲ. ಅದರಲ್ಲಿ ಕ್ರೋಸಿನ್, ಡೋಲೊ, ಗ್ರೈಪ್ ವಾಟರ್, ಬಿ.ಪಿ. ಮಾತ್ರೆ, ಶುಗರ್ ಮಾತ್ರೆ, ಬಜೆ ಬೇರು. ಬಜೆಯನ್ನು ಇಲ್ಲಿ ಆಹಾರದಲ್ಲಿ ಬಳಸದಂತೆ 1968ರಲ್ಲೇ ನಿಷೇಧಿಸಿದ್ದಾರೆ. ರಾಯರ ಪ್ರಕಾರ ಅದು ಅಮೆರಿಕಕ್ಕೇ ನಷ್ಟ.

ಜೊತೆಗೆ ಪೂಜೆಯ ಕರ್ಪೂರ. ಮಗು ನುಂಗಿದರೆ ನಿಮಿಷಗಳಲ್ಲೇ ಫಿಟ್ಸ್ ಬರಬಹುದು ಅಂದರೆ, "ದೇವರಿಗೆ ಹಚ್ಚೋದಪ್ಪ ಅದು!" ಎಂದು ಚೀಲದ ಜಿಪ್ ಎಳೆಯುತ್ತಾರೆ.

ಮಕ್ಕಳ ಕೈಗೆ ಔಷಧಿ ಸಿಗದಿರಲೆಂದು ಈ ದೇಶ 1970ರಲ್ಲಿ ಕಾನೂನು ಮಾಡಿತು. ಒತ್ತಿ ತಿರುಗಿಸಿದರಷ್ಟೇ ಬಿಚ್ಚುವ ಮುಚ್ಚಳ ಅದರ ಫಲ. ಅದು ಸಂಪೂರ್ಣವಾಗಿ ತಡೆದದ್ದು ರಾಯರನ್ನು. ನಾಲ್ಕು ವರ್ಷದ ಮೊಮ್ಮಗ "ತಾತ, ಕೊಡಿ" ಎಂದು ಬಿಚ್ಚಿಕೊಟ್ಟ. ಆ ಅವಮಾನದ ನಂತರ ಮಾತ್ರೆಗಳೆಲ್ಲ ವಾರದ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿಗಿಳಿದವು, ಡಬ್ಬಿ ಟೀಪಾಯಿಯ ಮೇಲೆ ಕೂತಿತು. ಕೆಂಪು, ಹಳದಿ, ಗುಲಾಬಿ, ಥೇಟ್ ಪೆಪ್ಪರ್‌ಮಿಂಟು.

ಮಗಳ ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿಗೆ ಜ್ವರ.

"ಕೂಸಿನ ತೂಕ ಎಷ್ಟಮ್ಮಾ?"

"ಇಪ್ಪತ್ತಾರು, ಅಪ್ಪ."

ಅವಳು ಹೇಳಿದ್ದು ಪೌಂಡು, ರಾಯರು ಜಮಾ ಮಾಡಿಕೊಂಡದ್ದು ಕೆ.ಜಿ. ಹನ್ನೆರಡು ಕೆ.ಜಿ.ಯ ಕೂಸು ಲೆಕ್ಕದಲ್ಲಿ ಎರಡರಷ್ಟಾಯಿತು, ಸಿರಪ್ಪೂ ಆಯಿತು. ಇಲ್ಲಿನ ಮಕ್ಕಳ ಸಿರಪ್ಪಿನಲ್ಲಿ 5 ಮಿ.ಲೀ.ಗೆ 160 ಮಿ.ಗ್ರಾಂ. ಪ್ಯಾರಸಿಟಮಾಲ್, ನಮ್ಮೂರಲ್ಲಿ 125ರದೂ ಉಂಟು, 250ರದೂ ಉಂಟು. ರಾಯರ ಕೈಯಲ್ಲಿದ್ದದ್ದು ಊರಿನ ಬಾಟಲಿ, ಉಪ್ಪಿಟ್ಟಿನ ಚಮಚ.

"ಅಪ್ಪಾ, ಆಗಲೇ ಟೈಲೆನಾಲ್ ಹಾಕಿದೀನಿ! ಅದೂ ಪ್ಯಾರಸಿಟಮಾಲೇ. ಮಗು ಲಿವರ್ ಗತಿ ಏನು? ಸಿರಿಂಜಲ್ಲಿ ಅಳೆದೇ ಹಾಕ್ಬೇಕು."

"ನಿನ್ನನ್ನ ಸಾಕಿದ್ದು ಯಾವ ಸಿರಿಂಜಲ್ಲೇ?"

ತಮ್ಮ ಬಿ.ಪಿ. ಮಾತ್ರೆಯನ್ನು ಮಾತ್ರ ಬ್ಲೇಡಿನಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲದೆ ಎರಡು ಮಾಡಿ ನುಂಗುವವರು ಇವರೇ.

ಸ್ಯಾನ್ ಡಿಯೇಗೊದಲ್ಲಿ ಒಂದು ಬೆಳಗ್ಗೆ ಡಬ್ಬಿ ಮೊಮ್ಮಗನ ಕೈಯಲ್ಲಿತ್ತು, ಗುರುವಾರ ಖಾಲಿ. ಹುಡುಗ ಚೆನ್ನಾಗೇ ಆಡುತ್ತಿದ್ದ. ಎಚ್ಚರ ತಪ್ಪಿದ್ದರೆ ನೇರ 911. ಸೊಸೆ 1-800-222-1222ಕ್ಕೆ ಫೋನಾಯಿಸಿದಳು. ವಿಷ ನಿಯಂತ್ರಣ ಕೇಂದ್ರದ ನಂಬರದು, ಹಗಲು ರಾತ್ರಿ ಪುಕ್ಕಟೆ. ಕ್ಯಾಲಿಫೋರ್ನಿಯಾದ ನಾಲ್ಕು ಕೇಂದ್ರಗಳಲ್ಲಿ ಒಂದು ಅದೇ ಊರಿನಲ್ಲಿದೆ. ಯಾವ ಮಾತ್ರೆ, ಎಷ್ಟು, ಯಾವಾಗ, ಮಗುವಿನ ತೂಕವೆಷ್ಟು ಎಂದು ಆಕಡೆಯ ನರ್ಸ್ ಸಮಾಧಾನದಿಂದ ಕೇಳುತ್ತಿದ್ದಂತೆ ರಾಯರೊಳಗಿನ ಕ್ಯಾಷಿಯರ್ ಎಚ್ಚೆತ್ತ. ನಡುಗುವ ಕೈಯಲ್ಲಿ ಕಾರ್ಪೆಟ್ ತಡಕಿ, ಎಣಿಸಿ, ಮತ್ತೊಮ್ಮೆ ಎಣಿಸಿ ಟ್ಯಾಲಿ ಮಾಡಿದರು. ಅರ್ಧ ಬಿ.ಪಿ. ಮಾತ್ರೆ ಸೋಫಾದಡಿ ಸಿಕ್ಕಿತು. ಲೆಕ್ಕ ಚುಕ್ತಾ.

ಉಸಿರು ಬಂದದ್ದೇ ತಡ, ಸೊಸೆಯ ಕೈಯಿಂದ ಫೋನ್ ಈಸಿಕೊಂಡರು.

"ಮೇಡಂ, ಹೇಗೂ ಲೈನಲ್ಲಿದ್ದೀರಿ. ನನಗೊಂದು ಗ್ಯಾಸ್ಟ್ರಿಕ್ ಪ್ರಾಬ್ಲಂ ಇದೆ..."