ಮೊಳೆ ಹೊಡೆಯಬಾರದು

ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಯಾವ ಬಡಾವಣೆಗಾದರೂ ಹೋಗಿ ನೋಡಿ. ಪಂಚೆ ಎತ್ತಿ ಕಟ್ಟಿ, ಕಾಫಿ ಲೋಟ ಹಿಡಿದು, ರಸ್ತೆಯ ಆಚೆ ಬದಿ ನಿಂತು ಎದುರಿನ ಕಟ್ಟಡವನ್ನೇ ಕತ್ತೆತ್ತಿ ನೋಡುತ್ತಿರುವ ಒಬ್ಬರು ಸಿಕ್ಕೇ ಸಿಗುತ್ತಾರೆ. ಕಟ್ಟಡ ಅವರದೇ. ಮೇಲಿನ ಎರಡು ಅಂತಸ್ತು ಹೊಸದು. ಬಾಲ್ಕನಿಯಲ್ಲಿ ಒಣಗುತ್ತಿರುವ ಬಟ್ಟೆ ಮಾತ್ರ ಅವರದಲ್ಲ. ಅದರ ನೀರು ತೊಟ್ಟಿಕ್ಕಿ ಗೋಡೆಯ ಪೇಂಟು ಎಷ್ಟು ಹಾಳಾಯಿತೆಂದು ಲೆಕ್ಕ ಹಾಕುತ್ತಿದ್ದಾರೆ.

ನಮ್ಮ ಭಾವ ಈ ಜಾತಿಗೆ ಸೇರಿದ್ದು 2024ರಲ್ಲಿ. ಅದಕ್ಕೆ ಮೊದಲು ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದವರು. ನಿವೃತ್ತಿಯ ದುಡ್ಡು ಬ್ಯಾಂಕಿನಲ್ಲಿ ಸುಮ್ಮನೆ ಮಲಗಿರುವುದು ಅವರ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಲಾಂಗ್ ಬುಕ್ ತಂದು ನಡುವೆ ಗೆರೆ ಎಳೆದರು. ಎಡಕ್ಕೆ: 40 ಲಕ್ಷ ಎಫ್‌ಡಿ, ಏಳು ಪರ್ಸೆಂಟು, ವರ್ಷಕ್ಕೆ 2,80,000. ಬಲಕ್ಕೆ: ತರ್ಟಿ-ಫಾರ್ಟಿ ಸೈಟಿನ ಮನೆ ಹೇಗೂ ಇದೆ, ಅದೇ 40 ಲಕ್ಷದಲ್ಲಿ ಮೇಲೆ ಎರಡು ಅಂತಸ್ತು, ಮೊದಲನೆಯದರಲ್ಲಿ ಡಬಲ್ ಬೆಡ್‌ರೂಮು 22 ಸಾವಿರ, ಅದರ ಮೇಲೆ ಎರಡು ಸಿಂಗಲ್ ಬೆಡ್‌ರೂಮು ತಲಾ 12 ಸಾವಿರ, ವರ್ಷಕ್ಕೆ 5,52,000. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಜೋಡಿ ಗೆರೆ, ‘ಕೂತಲ್ಲೇ ದುಡ್ಡು’ ಎಂಬ ಷರಾ. ಆ ಪುಟವನ್ನು ನನಗೆ ಮೂರು ಸಲ ತೋರಿಸಿದ್ದಾರೆ. ಅಕ್ಕ ಒಂದೇ ಸಲ ನೋಡಿ, "ಎಫ್‌ಡಿ ರಾತ್ರಿ ಹನ್ನೊಂದಕ್ಕೆ ಬೆಲ್ ಮಾಡಿ ಗೀಸರ್ ಕೆಟ್ಟಿದೆ ಅನ್ನಲ್ಲ ಕಣ್ರೀ" ಅಂದಳು. ಅದನ್ನು ಭಾವ ಯಾವ ಕಾಲಮ್ಮಿಗೂ ಸೇರಿಸಲಿಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ಬಾಡಿಗೆದಾರ. ಏಳು ಮನೆ, ಏಳು ಓನರು ಕಂಡವನು. ಹಾಗಾಗಿ ಸಲಹೆಗೆ ಕರೆ ಬಂತು. "ನಿಂಗೆ ಆ ಕಡೆ ಅನುಭವ ಇದೆಯಲ್ಲೋ, ಏನೇನು ಮೋಸ ನಡೆಯುತ್ತೆ ಹೇಳು."

"ಭಾವ, ಮನೆ ಬಿಡೋವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೋತಾರೆ. ಆಮೇಲೆ ಪೇಂಟೇ ಮಾಡ್ಸಲ್ಲ."

ಬರೆದುಕೊಂಡರು. ಅದು ಓನರುಗಳು ಮಾಡುವ ಮೋಸ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಅದು ಕರಾರಿನ ಒಂಬತ್ತನೇ ಷರತ್ತಾಗಿತ್ತು.

ಕರಾರು ಹನ್ನೊಂದು ತಿಂಗಳದ್ದು. ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ತಪ್ಪಿಸಲಿಕ್ಕೆ ಊರಿಗೆ ಊರೇ ವರ್ಷಕ್ಕೆ ಹನ್ನೊಂದೇ ತಿಂಗಳು ಎಂದು ನಂಬಿಕೊಂಡು ಬದುಕುತ್ತಿದೆ. ಇ-ಸ್ಟ್ಯಾಂಪ್ ಅಂಗಡಿಯವನ ಕಂಪ್ಯೂಟರಿನಲ್ಲಿದ್ದ ನಮೂನೆಗೆ ಹನ್ನೆರಡು ಷರತ್ತು. ಭಾವ ಇಪ್ಪತ್ತಾರು ಮಾಡಿಸಿದರು. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಬಾರದು. ನೆಂಟರು ಮೂರು ರಾತ್ರಿ ಮೀರಬಾರದು. ಮೊಳೆಗೇ ಮೂರು ಷರತ್ತು: ಗೋಡೆಗೆ ಹೊಡೆಯಬಾರದು, ಬಾಗಿಲಿಗೆ ಹೊಡೆಯಬಾರದು, ಮೂರನೆಯದಾಗಿ ‘ಸದರಿ ಎರಡೂ ಅಲ್ಲದ ಇನ್ನಾವುದೇ ಭಾಗಕ್ಕೆ’ ಹೊಡೆಯಬಾರದು. ಅಂಗಡಿಯವನು ಟೈಪು ನಿಲ್ಲಿಸಿ, "ಸಾರ್, ಕ್ಯಾಲೆಂಡರು?" ಎಂದ. ಭಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಹಾಲ್‌ನಲ್ಲಿ ಒಂದು" ಎಂದು ಮನಸ್ಸಿಲ್ಲದೆ ಬಿಟ್ಟುಕೊಟ್ಟರು.

ಟು-ಲೆಟ್ ಬೋರ್ಡು ಹಾಕಿದ್ದು ಆ ಮಾರ್ಚ್ ತಿಂಗಳಲ್ಲಿ. ಬೋರ್‌ವೆಲ್ಲುಗಳು ಬತ್ತಿ, ಜನ ಟ್ಯಾಂಕರಿಗೆ ಬುಕ್ ಮಾಡಿ ಬಾಗಿಲು ಕಾಯುತ್ತಿದ್ದ ಬೇಸಿಗೆ ಅದು. ಮನೆ ನೋಡಲು ಬಂದವರು ಮಾರ್ಬಲ್ ನೋಡಲಿಲ್ಲ, ವಾರ್ಡ್‌ರೋಬ್ ನೋಡಲಿಲ್ಲ, ನೆಟ್ಟಗೆ ಹೋಗಿ ನಲ್ಲಿ ತಿರುಗಿಸಿದರು. ಸಾಫ್ಟ್‌ವೇರಿನ ಗಂಡಹೆಂಡತಿ ಬಂದ ದಿನ ನಾನೂ ಅಲ್ಲಿದ್ದೆ. ಹುಡುಗಿ ಕೇಳಿದಳು:

"ಅಂಕಲ್, ಟಿಡಿಎಸ್ ಎಷ್ಟು?"

ಹಿಂದಿನ ದಿನವಷ್ಟೇ ಆಡಿಟರ್ ಹತ್ತಿರ ಹೋಗಿ ಬಂದಿದ್ದ ಭಾವನ ಮುಖ ಅರಳಿತು. "ಐವತ್ತು ಸಾವಿರ ಮೀರಿದ್ರೆ ಮಾತ್ರ ಕಣಮ್ಮ. ನಮ್ಮದು ಅಷ್ಟಕ್ಕೆಲ್ಲ ಹೋಗಲ್ಲ."

ಹುಡುಗಿ ಗಂಡನ ಮುಖ ನೋಡಿದಳು. ಬಾಡಿಗೆ ತಿಂಗಳಿಗೆ 50 ಸಾವಿರ ಮೀರಿದರೆ ಬಾಡಿಗೆದಾರ ತೆರಿಗೆ ಹಿಡಿದು ಕಟ್ಟಬೇಕು, ಭಾವ ಹೇಳಿದ್ದು ಅದನ್ನು. ಅವಳು ಕೇಳಿದ್ದು ಬೋರ್ ನೀರಿನಲ್ಲಿ ಕರಗಿದ ಲವಣವನ್ನು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 500 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು. ಸಮುದ್ರದ ನೀರಲ್ಲೇ ಸುಮಾರು 35 ಸಾವಿರ. ಆ ಜೋಡಿ ಮತ್ತೆ ಫೋನ್ ಎತ್ತಲಿಲ್ಲ.

ಎರಡು ತಿಂಗಳು ಮನೆ ಖಾಲಿ ಇತ್ತು. ಲಾಂಗ್ ಬುಕ್ಕಿನಲ್ಲಿ ಖಾಲಿ ತಿಂಗಳಿಗೆ ಜಾಗವಿರಲಿಲ್ಲ. ಬೆಂಗಳೂರಿನ ಹಳೇ ಪದ್ಧತಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಎಂದು ಪಟ್ಟು ಹಿಡಿದವರು ಆರಕ್ಕೆ ಇಳಿದರು, ‘ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ’ ಎಂಬುದು ‘ಆದ್ಯತೆ’ ಆಯಿತು, ಆಮೇಲೆ ಅದರ ಮೇಲೂ ಬಿಳಿ ಬಣ್ಣ ಬಿತ್ತು. ಕೊನೆಗೆ ಬ್ರೋಕರೇ ಒಂದು ಸಂಸಾರ ತಂದು ಕೂರಿಸಿ, ಒಂದು ತಿಂಗಳ ಬಾಡಿಗೆ ಕಮಿಷನ್ ತೆಗೆದುಕೊಂಡು ಹೋದ.

ಅಡ್ವಾನ್ಸ್ 1,32,000 ಕೈಗೆ ಬಂದ ವಾರವೇ ಸೋಲಾರ್ ಹೀಟರೂ ಗೇಟಿಗೆ ಹೊಸ ಗ್ರಿಲ್ಲೂ ಬಂದವು. ಎಂಟನೇ ತಿಂಗಳಿಗೆ ಆ ಸಂಸಾರಕ್ಕೆ ಹೈದರಾಬಾದಿಗೆ ವರ್ಗವಾಯಿತು. "ಸಾರ್, ಅಡ್ವಾನ್ಸು?" ಅಡ್ವಾನ್ಸ್ ಎಂದರೆ ಆದಾಯವಲ್ಲ, ಬಡ್ಡಿಯಿಲ್ಲದ ಸಾಲ ಎಂಬುದು ಮೂವತ್ತೆರಡು ವರ್ಷ ಲೆಕ್ಕಪತ್ರ ನೋಡಿದವರಿಗೆ ತಿಳಿಯದ್ದೇನಲ್ಲ. ಆದರೆ ಅದು ಸರ್ಕಾರದ ಲೆಕ್ಕವಾಗಿತ್ತು. ಪೇಂಟಿಂಗ್ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟಿದ್ದು ಅಕ್ಕನ ಹೆಸರಿನಲ್ಲಿದ್ದ ಚಿಕ್ಕ ಎಫ್‌ಡಿ ಮುರಿದು.

ಆದಾಯ ತೆರಿಗೆಯ ವಿಷಯದಲ್ಲಿ ಮಾತ್ರ ಅವರಿಗೆ ಸಮಾಧಾನವಿದೆ. ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30 ವಿನಾಯಿತಿ, ರಿಪೇರಿಗೆ ಖರ್ಚು ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ ಎಂದು ಆಡಿಟರ್ ಹೇಳಿದ್ದರು. ‘ಮಾಡದಿದ್ದರೂ ಅಷ್ಟೇ’ ಎಂಬ ಮಾತು ಭಾವನಿಗೆ ಬಹಳ ಹಿಡಿಸಿತು. ಎರಡನೇ ಅಂತಸ್ತಿನ ಬಚ್ಚಲ ನಲ್ಲಿ ಮೂರು ವಾರ ತೊಟ್ಟಿಕ್ಕಿತು. ಸೋರುತ್ತಿರುವುದು ತಮ್ಮದೇ ಸಂಪಿನ ನೀರು ಎಂದು ಹೊಳೆದ ಮರುಬೆಳಿಗ್ಗೆ ಪ್ಲಂಬರ್ ಹಾಜರಾದ.

ಈಗ ಅವರ ಕಿವಿಯೆಲ್ಲ ತಾರಸಿಯ ಮೇಲೆ. ಟೀವಿಯಲ್ಲಿ ವಾರ್ತೆ ಬರುತ್ತಿದ್ದರೆ ತಟ್ಟನೆ ಮ್ಯೂಟ್ ಮಾಡಿ, "ಏನೋ ಎಳೆದ ಸದ್ದು. ಮಂಚ ಸರಿಸ್ತಿದ್ದಾರೆ. ಟೈಲ್ಸು ಹೋಯ್ತು" ಎನ್ನುತ್ತಾರೆ. ಕುಕ್ಕರ್ ಕೂಗಿದರೆ ವಿಷಲ್ ಎಣಿಸುತ್ತಾರೆ. ಆರು ದಾಟಿದರೆ ಮೇಲೆ ನೆಂಟರು ಬಂದಿದ್ದಾರೆ ಎಂದು ತೀರ್ಮಾನ. ಓನರ್ ಮೀಟರಿಗೆ ಮೋಟರು, ಮೆಟ್ಟಿಲ ದೀಪ, ಗೇಟಿನ ದೀಪ ಎಲ್ಲ ಸೇರಿ 200 ಯೂನಿಟ್ ದಾಟುತ್ತದೆ. ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಮೇಲಿನ ಒಂಟಿ ಹುಡುಗ ಬೆಳಗಾಗೆದ್ದು ಹೋದರೆ ರಾತ್ರಿ ಬರುವವನು. ಅವನದು ಸೊನ್ನೆ ಬಿಲ್ಲು. ಆ ಬಿಲ್ಲನ್ನು ಪೋಸ್ಟ್ ಡಬ್ಬಿಯಿಂದ ಎತ್ತಿ, ಓದಿ, ನಿಟ್ಟುಸಿರಿಟ್ಟು, ಮಡಚಿ ಮತ್ತೆ ಅಲ್ಲೇ ಇಡುತ್ತಾರೆ.

ಕಳೆದ ವಾರ ಆ ಹುಡುಗನೂ ನೋಟಿಸ್ ಕೊಟ್ಟ. ಟು-ಲೆಟ್ ಬೋರ್ಡು ಮತ್ತೆ ಹೊರಬಂದಿದೆ. ಸ್ವಂತ ಗೋಡೆಗೂ ಮೊಳೆ ಹೊಡೆಯಲು ಮನಸ್ಸು ಬಾರದೆ ಬೈಂಡಿಂಗ್ ವೈರಿನಲ್ಲಿ ಗೇಟಿಗೆ ಬಿಗಿದಿದ್ದಾರೆ. ಸಿಂಗಲ್ ಬೆಡ್‌ರೂಮು, 12 ಸಾವಿರ, ಅಡ್ವಾನ್ಸ್ ಮಾತಾಡಿಕೊಳ್ಳಬಹುದು. ಬೇಕಾದವರು ಫೋನ್ ಮಾಡಿ, ಆದರೆ ಬೆಳಿಗ್ಗೆ ಆರರಿಂದ ಏಳರ ನಡುವೆ ಬೇಡ. ಅದು ಕಾವೇರಿ ನೀರು ಬಿಡುವ ಹೊತ್ತು, ಭಾವ ಸಂಪಿನ ಹತ್ತಿರ ಇರುತ್ತಾರೆ. ಫೋನ್ ಅಕ್ಕ ಎತ್ತುತ್ತಾಳೆ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾಳೆ.